ಕೇಳಿದ್ದಕ್ಕೇ ಪಟ್ಟಿಗೆ ಸೇರಿದ ಮನೆ

"ಹಾಗೆ ಕೇಳ್ಬೇಡ ಕಣೇ! ಕೇಳಿದ್ರೆ ಸೇರ್ಕೊಂಡ್ಬಿಡುತ್ತೆ!"

ಕಳೆದ ಭಾನುವಾರ ನಾನು ಹೀಗೆ ಕಿರುಚಿದ್ದು ಮಗಳ ಮೇಲೆ. ಅವಳು ಎಂಜಿನಿಯರಿಂಗ್ ಎರಡನೇ ವರ್ಷ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಲೇಜಿನ ಅಸೈನ್‌ಮೆಂಟ್ ಬರೆಯುತ್ತಿದ್ದಳು. ನಾನು ಹಿಂದೆ ನಿಂತು ಹುರುಳೀಕಾಯಿ ಮುರಿಯುತ್ತಿದ್ದೆ. ಅವಳು ಬರೆದ ಒಂದು ಸಾಲು ಕಣ್ಣಿಗೆ ಬಿತ್ತು ನೋಡಿ, ಕೈಯಲ್ಲಿದ್ದ ಹುರುಳೀಕಾಯಿ ಕೀಬೋರ್ಡಿನ ಮೇಲೆ ಬಿತ್ತು.

ಮಗಳು ತಿರುಗಿ ನೋಡಿದಳು. ಒಲೆಯ ಮೇಲಿನ ಕುಕ್ಕರ್ ಎದ್ದು ಬಂದು ಪಾಠ ಹೇಳಿದರೆ ಹೇಗೆ ನೋಡಬಹುದೋ ಹಾಗೆ.

"ಅಮ್ಮಾ, ನಿಂಗೆ ಸಿ ಪ್ಲಸ್ ಪ್ಲಸ್ ಬರುತ್ತಾ?"

ಬರುತ್ತಾ ಅಂತೆ, ಬರುತ್ತಾ! (ನಿಮಗೂ ಇದು ಹೊಸ ಸುದ್ದಿ ಇರಬಹುದು. ವಾರ ವಾರ ಉಪ್ಪಿನಕಾಯಿ, ಬಸ್ಸಿನ ಸೀಟು, ನಾದಿನಿಯ ಮುನಿಸು ಅಂತ ಬರೆದುಕೊಂಡಿರುವವಳಿಗೆ ಇದೆಲ್ಲ ಎಲ್ಲಿಂದ ಬಂತು ಅಂತ ಅನ್ನಿಸಿದರೆ ತಪ್ಪಲ್ಲ.) ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಕೊಪ್ಪದ ಬಾಳಗಡಿಯಲ್ಲಿ ನಾನು 'ಕಂಪ್ಯೂಟರ್ ಮಿಸ್' ಆಗಿದ್ದೆ ಸ್ವಾಮಿ. ರಸ್ತೆಯಲ್ಲಿ ಹೋದರೆ ಕಾಲೇಜು ಹುಡುಗಿಯರು "ನಮಸ್ತೆ ಮಿಸ್" ಅನ್ನುತ್ತಿದ್ದರು. ನಾನು ಕತ್ತು ಸ್ವಲ್ಪ ಮಾತ್ರ ಆಡಿಸುತ್ತಿದ್ದೆ. ಅಷ್ಟು ಜಂಬ.

ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಮ್ಮ ಕಂಪ್ಯೂಟರ್ ಸೆಂಟರ್. ನಾಲ್ಕು ಕಂಪ್ಯೂಟರ್ ಇದ್ದವು, ಮೂರು ನಡೆಯುತ್ತಿದ್ದವು. ನಾಲ್ಕನೆಯದಕ್ಕೆ ಕವರ್ ಹೊದಿಸಿ ಇಟ್ಟಿದ್ದು ಸೇರಲು ಬಂದವರಿಗೆ ಎಣಿಸಿ ತೋರಿಸಲಿಕ್ಕೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು, ಕಂಪ್ಯೂಟರಿಗೆ ಧೂಳು ಆಗುವುದಿಲ್ಲ. ಹುಡುಗಿಯರು ಫ್ಲಾಪಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಕರೆಂಟು ಹೋದ ಕೂಡಲೇ ಯುಪಿಎಸ್ ಕೀಂ ಕೀಂ ಅಂತ ಕೂಗಿ, ಎಲ್ಲರೂ "ಸೇವ್ ಮಾಡ್ರೇ, ಸೇವ್ ಮಾಡ್ರೇ" ಅಂತ ಬೊಬ್ಬೆ ಹಾಕುತ್ತಿದ್ದೆವು. ಎಷ್ಟು ಖುಷಿ ಇತ್ತು ಆ ಗಡಿಬಿಡಿಯಲ್ಲಿ!

ಪಾಠಕ್ಕೆ ಶಿವಮೊಗ್ಗದಿಂದ ತರಿಸಿದ ಜೆರಾಕ್ಸ್ ಪುಸ್ತಕ. ನಾನು ಹಿಂದಿನ ದಿನ ಓದಿ, ಮರುದಿನ ಹುಟ್ಟಿನಿಂದಲೇ ಗೊತ್ತಿದ್ದವಳ ಹಾಗೆ ಹೇಳಿಕೊಡುತ್ತಿದ್ದೆ. ಕೆಲವು ಪುಟಗಳು ಪೂರಾ ಕಪ್ಪು ಮಸಿ, ಒಂದಕ್ಷರ ಕಾಣುತ್ತಿರಲಿಲ್ಲ. ಅವನ್ನು ಮಕ್ಕಳಿಗೆ "ಇದು ಪರೀಕ್ಷೆಗೆ ಬರಲ್ಲ" ಅನ್ನುತ್ತಿದ್ದೆ. ಅಂಥ ಒಂದು ಮಸಿ ಪುಟವೇ ಇವತ್ತಿನ ಈ ಕತೆಗೆಲ್ಲ ಕಾರಣ.

ಮಗಳು ಬರೆದ ಆ ಸಾಲು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹೆದರಬೇಡಿ, ಎರಡೇ ನಿಮಿಷ.

ಅಂಚೆ ಕಚೇರಿಯಲ್ಲಿ ಗೂಡುಗೂಡಿನ ಕಪಾಟು ನೋಡಿದ್ದೀರಲ್ಲ? ಪ್ರತಿ ಗೂಡಿನ ಮೇಲೆ ಒಂದು ಹೆಸರು, ಒಳಗೆ ಆ ಹೆಸರಿನ ಕಾಗದ. ಪ್ರೋಗ್ರಾಮಿಂಗಿನಲ್ಲಿ ಇಂಥದ್ದಕ್ಕೆ ಮ್ಯಾಪ್ ಅನ್ನುತ್ತಾರೆ. ಮೇಲಿನ ಹೆಸರು 'ಕೀ', ಒಳಗಿರುವುದು 'ವ್ಯಾಲ್ಯೂ'. ಈಗ, ಇಂಥ ಹೆಸರಿನ ಗೂಡು ಇದೆಯೋ ಇಲ್ಲವೋ ತಿಳಿಯಬೇಕು. ಹೇಗೆ? 'ಫೈಂಡ್' ಅಂತ ಕೇಳಬಹುದು. ಅದು ದೂರದಿಂದಲೇ ನೋಡಿ, ಇದೆ ಅಥವಾ ಇಲ್ಲ ಅಂತ ಹೇಳಿ ಸುಮ್ಮನಾಗುತ್ತದೆ. ಅದು ಬಿಟ್ಟು, ಚೌಕದ ಬ್ರಾಕೆಟ್ಟಿನೊಳಗೆ ಹೆಸರು ಹಾಕಿ "ಇದರೊಳಗೆ ಏನಿದೆ?" ಅಂತ ನೇರವಾಗಿಯೂ ಕೇಳಬಹುದು. ಮಗಳು ಬರೆದದ್ದು ಇದನ್ನೇ. ಬರೆಯಲು ಸುಲಭ, ನೋಡಲು ಚೆಂದ. ಆದರೆ ಸಿ ಪ್ಲಸ್ ಪ್ಲಸ್‌ನ ಮ್ಯಾಪಿಗೆ ಒಂದು ವಿಚಿತ್ರ ದಾಕ್ಷಿಣ್ಯ. ಹಾಗೆ ಕೇಳಿದರೆ ಅದು ಇಲ್ಲ ಅನ್ನುವುದೇ ಇಲ್ಲ. ಆ ಹೆಸರಿನ ಗೂಡು ಇಲ್ಲದಿದ್ದರೆ ಆ ಕ್ಷಣವೇ ಹೊಸ ಗೂಡು ಮಾಡಿ, ಮೇಲೆ ಹೆಸರು ಬರೆದು, "ಇಗೋ, ಖಾಲಿ ಇದೆ" ಅನ್ನುತ್ತದೆ.

ನೀವು ಕೇಳಿದ್ದು ಅಷ್ಟೇ. ಸೇರಿಸು ಅಂದಿರಲಿಲ್ಲ. ಆದರೂ ಸೇರಿಹೋಯಿತು.

ನನ್ನ ಪುಸ್ತಕದಲ್ಲಿ 'ಫೈಂಡ್' ಇದ್ದ ಪುಟವೇ ಕಪ್ಪು ಮಸಿ. ಹಾಗಾಗಿ ಬ್ರಾಕೆಟ್ ಒಂದೇ ದಾರಿ ಅಂತ ನಾನು ನಂಬಿದ್ದೆ.

ಆ ವರ್ಷ ನಮ್ಮ ದೊಡ್ಡಪ್ಪನ ಮಗಳು ಶುಭಾಳ ಮದುವೆ ಗೊತ್ತಾಯಿತು. ಭಂಡಿಗಡಿಯಲ್ಲಿ ದೊಡ್ಡಪ್ಪನ ಮನೆ, ನಮ್ಮ ಮನೆ ಎದುರುಬದುರು. ಮದುವೆ ಅಂದಮೇಲೆ ಮೊದಲು ಹೊರಗೆ ಬರುವುದು ದೊಡ್ಡಪ್ಪನ ಹೇಳಿಕೆ ಪುಸ್ತಕ. ಹೇಳಿಕೆ ಅಂದರೆ ಕರೆಯಲು ಹೋಗುವುದು. ನಮ್ಮ ಕಡೆ ಮದುವೆ ಕಾಗದವನ್ನು ಅಂಚೆಗೆ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ. ಮನೆಗೇ ಹೋಗಬೇಕು, ಕೂರಬೇಕು, ಕಾಫಿ ಕುಡಿಯಬೇಕು, ಕುಂಕುಮ ಕೊಡಬೇಕು, ಬಾಯಿಬಿಟ್ಟು "ಎಲ್ಲರೂ ಬರ್ಬೇಕು" ಅನ್ನಬೇಕು. ಒಂದು ಮನೆ ತಪ್ಪಿಹೋದರೆ ಮುಂದಿನ ತಲೆಮಾರಿನವರೆಗೂ ಅದನ್ನು ಎತ್ತಿ ಆಡುತ್ತಾರೆ.

ಆ ಪುಸ್ತಕದ ರೀತಿಯೇ ಬೇರೆ. ಎಡಗಡೆ ಊರು, ಮನೆಯ ಹೆಸರು. ಬಲಗಡೆ ಆ ಮನೆಗೆ ಹೇಳಿಕೆಗೆ ಹೋಗಬೇಕಾದವರ ಹೆಸರು. ಎನ್.ಆರ್.ಪುರದ ಕಡೆಗೆಲ್ಲ ನನ್ನ ಅಪ್ಪ, ಕೊಪ್ಪದ ಸುತ್ತ ಶುಭಾಳ ಅಣ್ಣ, ಹೀಗೆ. ಕೆಲವು ಮನೆಗಳ ಮುಂದೆ ಮಾತ್ರ ಬಲಗಡೆ ಖಾಲಿ. ಖಾಲಿ ಅಂದರೆ ಮರೆತದ್ದಲ್ಲ. ಅದು ದೊಡ್ಡಪ್ಪನ ಸ್ವಂತ ಪುಸ್ತಕ, ತನ್ನ ಹೆಸರನ್ನು ತಾನೇ ಯಾಕೆ ಬರೆದುಕೊಳ್ಳಬೇಕು? ಖಾಲಿ ಬಿಟ್ಟ ಮನೆಗೆ ಯಜಮಾನರೇ ಹೋಗಬೇಕು ಅಂತ ಲೆಕ್ಕ. ಬೀಗರು, ಹಿರಿಯರು, ತೀರಾ ಹತ್ತಿರದವರು, ಇಂಥವರ ಮನೆಗಳು ಅವು.

ಆ ಪುಸ್ತಕದಲ್ಲಿ ಇರಲೇಬೇಕಾದ ಒಂದು ಮನೆ ಇರಲಿಲ್ಲ. ಶೃಂಗೇರಿ ಹತ್ತಿರದ ಮೆಣಸೆಯ ಕೆಳಮನೆ. ನನ್ನ ಸಾವಿತ್ರತ್ತೆಯ ಮನೆ. ದೊಡ್ಡಪ್ಪನಿಗೂ ಅಪ್ಪನಿಗೂ ಇದ್ದ ಒಬ್ಬಳೇ ತಂಗಿ.

ಏನು ಜಗಳ? ಆಸ್ತಿಯಾ, ಚಿನ್ನವಾ? ಏನೂ ಅಲ್ಲ. ಕೇಳಿದರೆ ನಗುತ್ತೀರಿ. ಅದಕ್ಕೂ ಹದಿನಾಲ್ಕು ವರ್ಷ ಹಿಂದೆ ಅತ್ತೆಯ ಹೊಸಮನೆ ಒಕ್ಕಲು, ಅಂದರೆ ಗೃಹಪ್ರವೇಶ, ಇತ್ತು. ಮಾವನಿಗೆ ಕಾಮಾಲೆ ಆಗಿ ಮಲಗಿದ್ದರು. ಹೇಳಿಕೆಗೆ ಬರಲು ಯಾರೂ ಇಲ್ಲ. ಅಣ್ಣನ ಮನೆ ತಾನೇ ಅಂತ ಅತ್ತೆ ಕಾಗದವನ್ನು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದಳು. ಕಂಡಕ್ಟರ್ ಅದನ್ನು ಭಂಡಿಗಡಿಯ ಅಂಗಡಿಯಲ್ಲಿ ಕೊಟ್ಟ. ಅಂಗಡಿಯವರು ಹತ್ತು ಜನರ ಎದುರು, "ಇದೊಂದು ಪಾರ್ಸೆಲ್ ಬಂದಿದೆ ನೋಡಿ ನಿಮ್ಗೆ" ಅಂತ ದೊಡ್ಡಪ್ಪನಿಗೆ ಕೊಟ್ಟರು.

"ನಾನೆಂತ ಬಸ್ಸಲ್ಲಿ ಪಾರ್ಸೆಲ್ ಕಳ್ಸೋ ಸಾಮಾನಾ?" ಅಂತ ದೊಡ್ಡಪ್ಪ ಹೋಗಲೇ ಇಲ್ಲ. ಅಣ್ಣ ಬರಲಿಲ್ಲ ಅಂತ ಅತ್ತೆಯೂ ಈ ಕಡೆ ಕಾಲಿಡಲಿಲ್ಲ. ಅಪ್ಪ ಅಣ್ಣನ ಮಾತು ಮೀರುವವರಲ್ಲ, ನಾವೂ ಹೋಗಲಿಲ್ಲ. ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂತ ನಾನು ಈಗ ಒಂದು ಮಾತಿನಲ್ಲಿ ಹೇಳಿದೆ. ಆಗ ನನಗೆ ಎಂಟು ವರ್ಷ. ನನ್ನ ಬೇಸಿಗೆ ರಜೆಗಳೆಲ್ಲ ಆ ಮನೆಯಲ್ಲೇ ಕಳೆದಿದ್ದವು. ಅತ್ತೆ ಎಣ್ಣೆ ಸುರಿದು ಜಡೆ ಹಾಕಿದರೆ ಕಣ್ಣು ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು, ಸಂಜೆವರೆಗೂ ರೆಪ್ಪೆ ಮುಚ್ಚಲು ಬರುತ್ತಿರಲಿಲ್ಲ. ಮುಂದಿನ ರಜೆಗೆ ನನ್ನನ್ನು ಮೆಣಸೆಗೆ ಕಳಿಸಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ದೊಡ್ಡವರ ಜಗಳದಲ್ಲಿ ಮಕ್ಕಳಿಗೆ ಯಾರು ಸಮಾಧಾನ ಹೇಳುತ್ತಾರೆ?

ಸರಿ, ಮದುವೆಗೆ ಬರೋಣ. ದೊಡ್ಡಪ್ಪ ಹಳೇ ಪುಸ್ತಕದಿಂದ ಹೊಸ ಪಟ್ಟಿ ಬರೆಯಲು ಕೂತರೆ ಒಂದೇ ಮನೆ ಮೂರು ಸಲ, ಇನ್ನೊಂದು ಒಮ್ಮೆಯೂ ಇಲ್ಲ. ನಾನು ಬಿಡುತ್ತೇನಾ? "ಕೊಡಿ ದೊಡ್ಡಪ್ಪ, ಕಂಪ್ಯೂಟರಿಗೆ ಹಾಕಿ ಕೊಡ್ತೀನಿ. ಕಂಪ್ಯೂಟರ್ ತಪ್ಪು ಮಾಡಲ್ಲ" ಅಂದೆ. ಮನೆಯ ಹೆಸರು ಟೈಪ್ ಮಾಡಿದರೆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ತಟ್ಟನೆ ಹೇಳುತ್ತೆ ಅಂತ ದೊಡ್ಡಮ್ಮನಿಗೂ ವಿವರಿಸಿದೆ.

"ಇಲ್ದಿದ್ರೆ ಎಂತ ಹೇಳ್ತದೆ?" ದೊಡ್ಡಮ್ಮ ಕೇಳಿದಳು.

"ಇಲ್ಲ ಅಂತ ಬರುತ್ತೆ."

"ಅಯ್ಯೋ ಮಾರಾಯ್ತಿ, ಶುಭಕಾರ್ಯದಲ್ಲಿ ಇಲ್ಲ ಅನ್ಬಾರ್ದು. ಡಬ್ಬ ಬರಿದಾದ್ರೂ ಅಕ್ಕಿ ತುಂಬಿದೆ ಅಂತೀವಲ್ವನೇ? ಅದಕ್ಕೆ ಬೇರೆ ಎಂತಾದ್ರೂ ಹೇಳೋಕೆ ಕಲ್ಸು."

(ನಗಬೇಡಿ. ನಿಮ್ಮ ಮನೆಯಲ್ಲೂ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ.) ನಾನು ಯೋಚಿಸಿ, ಬ್ರಾಕೆಟ್ಟಿನಿಂದ ಪೂರಾ ಖಾಲಿ ಉತ್ತರ ಬಂದರೆ 'ಸೇರಿಸಬೇಕು' ಅಂತ ತೋರಿಸುವ ಹಾಗೆ ಮಾಡಿದೆ. ದೊಡ್ಡಮ್ಮನಿಗೆ ಸಮಾಧಾನವಾಯಿತು.

ಮೂರು ದಿನ ಮಧ್ಯಾಹ್ನದ ಬ್ಯಾಚ್ ಮುಗಿದ ಮೇಲೆ ಕೂತು ಇನ್ನೂರು ಚಿಲ್ಲರೆ ಮನೆ ಟೈಪ್ ಮಾಡಿದೆ. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡ ಆ ಕಪ್ಪು ಪರದೆಗೆ ಬರುತ್ತಿರಲಿಲ್ಲ. ದೊಡ್ಡಪ್ಪ ಖಾಲಿ ಬಿಟ್ಟ ಕಡೆ ನಾನು ಬರೀ ಒಂದು ಸ್ಪೇಸ್ ಹೊಡೆದೆ, ಕಾಗದದಲ್ಲಿ ಅದೂ ಖಾಲಿಯಾಗೇ ಕಾಣುತ್ತದೆ. ಆಮೇಲೆ ಸರಿಯಾಗಿ ಕೆಲಸ ಮಾಡುತ್ತದಾ ಅಂತ ಪರೀಕ್ಷೆ. 'ಎಬಿಸಿಡಿ' ಅಂತ ಹೊಡೆದೆ. 'ಸೇರಿಸಬೇಕು' ಅಂತ ಬಂತು. 'ಕೊಪ್ಪ ಬಸ್ ಸ್ಟ್ಯಾಂಡ್' ಅಂತ ಹೊಡೆದೆ. 'ಸೇರಿಸಬೇಕು.' ನನ್ನ ಜಾಣತನಕ್ಕೆ ನಾನೇ ನಕ್ಕೆ.

ಆಮೇಲೆ, ಯಾಕೋ ಗೊತ್ತಿಲ್ಲ, 'ಮೆಣಸೆ ಕೆಳಮನೆ' ಅಂತ ಹೊಡೆದೆ.

ಇರುವುದಿಲ್ಲ ಅಂತ ಗೊತ್ತಿತ್ತು. ಪಟ್ಟಿ ಪೂರ್ತಿ ನಾನೇ ಟೈಪ್ ಮಾಡಿದ್ದು! ಆದರೂ ಕೇಳಿದೆ. ಬೇರೆ ಯಾರನ್ನೂ ಕೇಳುವ ಹಾಗಿರಲಿಲ್ಲವಲ್ಲ, ಅದಕ್ಕಿರಬೇಕು. ಪರದೆಯ ಮೇಲೆ ಬಂತು: 'ಸೇರಿಸಬೇಕು.'

ಸಂಕಟವಾಯಿತು. ಆಮೇಲೆ ಪ್ರಿಂಟ್ ಕೊಟ್ಟೆ. ಪ್ರಿಂಟರ್ ಕಿರ್ರೋ ಕಿರ್ರೋ ಅಂತ ತೂತಿನ ಅಂಚಿನ ಕಾಗದವನ್ನು ಉದ್ದಕ್ಕೆ ಉಗುಳಿತು. ನೋಡದೆಯೇ ಮಡಿಸಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಸಭೆ. ದೊಡ್ಡಪ್ಪ ಕೆಂಪು ಪೆನ್ಸಿಲ್ ಹಿಡಿದು ಕೂತರು. ಪಕ್ಕದಲ್ಲಿ ಅಪ್ಪ, ಬಾಗಿಲ ಹತ್ತಿರ ದೊಡ್ಡಮ್ಮ, ಅಮ್ಮ. ಇಂಗ್ಲಿಷ್ ಅಕ್ಷರ ಆದ್ದರಿಂದ ಓದುವ ಕೆಲಸ ಮದುಮಗಳು ಶುಭಾಳದ್ದು. ಒಂದೊಂದೇ ಹೆಸರು ಓದಿ ಕಾಗದವನ್ನು ದೊಡ್ಡಪ್ಪನ ಮುಂದೆ ಹಿಡಿಯುತ್ತಿದ್ದಳು, ಅವರು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಮ್ಯಾಪ್ ಹೆಸರುಗಳನ್ನು ಅಕಾರಾದಿಯಾಗಿಯೇ ಜೋಡಿಸಿ ಇಡುತ್ತದೆ, ಎ ಮೊದಲು, ಆಮೇಲೆ ಬಿ. ಇದನ್ನೂ ನಾನು ಎಲ್ಲರೆದುರು ಜಂಬದಿಂದ ಹೇಳಿ ಮುಗಿಸಿದ್ದೆ.

ಶುಭಾ ಶುರುಮಾಡಿದಳು. "ಎಬಿಸಿಡಿ... ಇದ್ಯಾವ ಮನೆಯೇ ಇದು, ಎಬಿಸಿಡಿ? ಮುಂದೆ ಯಾರ ಹೆಸರೂ ಇಲ್ಲ. ಅಪ್ಪಯ್ಯಾ, ನೀನೇ ಹೋಗ್ಬೇಕು ಈ ಮನೆಗೆ!"

ಎಲ್ಲರೂ ಹೋ ಅಂತ ನಕ್ಕರು. ದೊಡ್ಡಪ್ಪ ಅದರ ಮೇಲೆ ಕೆಂಪು ಗೆರೆ ಎಳೆದು, "ಕಂಪ್ಯೂಟರ್ ತಪ್ಪು ಮಾಡಲ್ಲ ಅಂದಿದ್ಯಲ್ಲೇ ಕೂಸೇ?" ಅಂದರು.

"ಅದು... ಟೆಸ್ಟಿಂಗ್, ದೊಡ್ಡಪ್ಪ" ಅಂದೆ. ಅನ್ನುವಾಗಲೇ ನನಗೆ ಹೊಳೆಯಿತು. ಎಬಿಸಿಡಿಯನ್ನು ನಾನು ಸೇರಿಸಿರಲಿಲ್ಲ. ಇದೆಯಾ ಅಂತ ಕೇಳಿದ್ದೆ ಅಷ್ಟೇ. ಹಾಗಾದರೆ ಕೇಳಿದ್ದೆಲ್ಲ ಸೇರಿದೆ. ಹಾಗಾದರೆ...

ಎಂ ಅಕ್ಷರಕ್ಕೆ ಇನ್ನು ಎಷ್ಟು ದೂರ? ಶುಭಾ ಬಿ ಮುಗಿಸಿದಳು. ಹೆಚ್ ಬಂತು, ಹರಿಹರಪುರದ ಮನೆಗಳು. ಜೆ, ಜಯಪುರ. "ಶುಭಾ, ಕಾಫಿ ಕುಡಿದು ಆಮೇಲೆ ಓದೇ" ಅಂದೆ. "ಈಗ ತಾನೇ ಕುಡಿದ್ನಲ್ಲ" ಅಂದಳು. ಕಾಗದ ಕಿತ್ತುಕೊಂಡು ಓಡಿಬಿಡಲೇ ಅಂತಲೂ ಅನ್ನಿಸಿತು.

ಕೆ ಬಂತು. ಕಿಗ್ಗ ಆಯಿತು. "ಕೊಪ್ಪ ಬಸ್ ಸ್ಟ್ಯಾಂಡ್!" ಅಂತ ಶುಭಾ ಓದಿದ್ದೇ ಮತ್ತೆ ನಗು.

"ಎಲ್ಲಾ ಕಂಡಕ್ಟರಿಗೂ ಹೇಳಿಕೆ ಮಾಡ್ಬೇಕನೇ?" ದೊಡ್ಡಮ್ಮ ಅಂದಳು. ಅಂದವಳೇ ಬಾಯಿಗೆ ಸೆರಗು ಅಡ್ಡ ಹಿಡಿದಳು. ಆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಕಂಡಕ್ಟರ್ ಅನ್ನುವ ಪದವನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ. ದೊಡ್ಡಪ್ಪ ಬಸ್ ಸ್ಟ್ಯಾಂಡಿನ ಮೇಲೆ ಗೆರೆ ಎಳೆದರು.

ಎಂ.

"ಮೆಣಸೆ..." ಅಂದ ಶುಭಾ ನಿಂತಳು. ಕಾಗದವನ್ನು ಹತ್ತಿರ ಹಿಡಿದು ನೋಡಿದಳು. ದನಿ ಇಳಿಯಿತು. "ಮೆಣಸೆ ಕೆಳಮನೆ."

ಯಾರೂ ನಗಲಿಲ್ಲ.

"ಮುಂದೆ ಯಾರ ಹೆಸರಿದೆ?" ದೊಡ್ಡಪ್ಪ ಕೇಳಿದರು.

"ಖಾಲಿ, ಅಪ್ಪಯ್ಯ."

ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿದಳು, ಇವರೇ ಬರೆಸಿರಬೇಕು ಅಂತ. ದೊಡ್ಡಪ್ಪ ಅಪ್ಪನ ಮುಖ ನೋಡಿದರು. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದಳು. ಯಾರು ಬರೆದಿದ್ದು ಅಂತ ಯಾರೂ ಕೇಳಲಿಲ್ಲ. ಕೇಳಿದರೆ ಯಾರಾದರೂ "ನಾನಲ್ಲ" ಅನ್ನಬೇಕಾಗುತ್ತಿತ್ತು. ದೊಡ್ಡಪ್ಪನ ಕೆಂಪು ಪೆನ್ಸಿಲ್ ಕಾಗದದ ಮೇಲೆ ಬಂದು ನಿಂತಿತು. ನಾನು ಆ ಪೆನ್ಸಿಲಿನ ಮೊನೆಯನ್ನೇ ನೋಡುತ್ತಿದ್ದೆ.

"ಹೂಂ. ಮುಂದೆ ಓದು" ಅಂದರು.

ಶುಭಾ ಗಡಬಡಿಸಿ ಎನ್.ಆರ್.ಪುರಕ್ಕೆ ಹೋದಳು.

ಎರಡು ದಿನ ಬಿಟ್ಟು ಬೆಳಿಗ್ಗೆ ದೊಡ್ಡಪ್ಪ ದೊಡ್ಡ ಅಂಚಿನ ಪಂಚೆ ಉಟ್ಟು ನಮ್ಮ ಮನೆಗೆ ಬಂದರು. "ಕೂಸೇ, ಮೆಣಸೆಗೆ ಹೋಗ್ಬೇಕು. ನೀನೂ ಬಾ." ದೊಡ್ಡಮ್ಮನಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಕುಂಕುಮದ ಭರಣಿ ನನ್ನ ಕೈಗೆ ಬಂತು.

ಬಸ್ಸಿನಲ್ಲಿ ಕಿಟಕಿ ಪಕ್ಕ ದೊಡ್ಡಪ್ಪ, ಇತ್ತ ನಾನು. ಹರಿಹರಪುರ ದಾಟುವವರೆಗೂ ನನ್ನದು ಒಂದೇ ಯೋಚನೆ. ಹೇಳಲೋ ಬೇಡವೋ? ಹೇಳಿದರೆ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಹೊರಟುಬಿಟ್ಟರೆ? ಹೇಳದಿದ್ದರೆ, ತಪ್ಪು ಪಟ್ಟಿ ನಂಬಿ ಹಿರಿಯರೊಬ್ಬರು ಹದಿನಾಲ್ಕು ವರ್ಷದ ಹಟ ಬಿಟ್ಟು ಹೊರಟಿದ್ದಾರೆ. ಅತ್ತೆ ಬಾಗಿಲಲ್ಲೇ ಏನಾದರೂ ಅಂದುಬಿಟ್ಟರೆ ಅವರ ಮಾನ ಎಲ್ಲಿಗೆ ಬಂತು? ಕೊನೆಗೆ ತಡೆಯಲಿಲ್ಲ.

"ದೊಡ್ಡಪ್ಪ, ಆ ಹೆಸರು ಯಾರೂ ಬರೆದಿದ್ದಲ್ಲ. ನನ್ನ ಪ್ರೋಗ್ರಾಮಲ್ಲಿ ತಪ್ಪಿತ್ತು."

"ಗೊತ್ತು, ಸುಮ್ನೆ ಕೂರೇ" ಅಂದರು, ಕಿಟಕಿಯಿಂದ ಮುಖ ತಿರುಗಿಸದೆ. "ಎಬಿಸಿಡಿ ಮೇಲೆ ಗೆರೆ ಎಳ್ದೋನಿಗೆ ಇದರ ಮೇಲೆ ಎಳೆಯೋಕೆ ಬರ್ತಿರ್ಲಿಲ್ವಾ?"

ಸ್ವಲ್ಪ ದೂರ ಹೋದಮೇಲೆ ಅವರೇ ಅಂದರು. "ನಾನಾಗೇ ಬರೆಯೋಕೆ ಕೈ ಬರ್ಲಿಲ್ಲ ಕೂಸೇ. ಎಷ್ಟೋ ಸಲ ಪುಸ್ತಕ ತೆಗ್ದಿದೀನಿ. ಬರ್ದೇ ಇತ್ತಲ್ಲ, ಅಳಿಸ್ಲಿಲ್ಲ. ಅಷ್ಟೇ."

ನನಗೆ ಅಳು ಬಂತು. ಭರಣಿಯ ಮುಚ್ಚಳ ಸರಿಮಾಡುವವಳ ಹಾಗೆ ತಲೆ ತಗ್ಗಿಸಿದೆ.

ಮೆಣಸೆಯಲ್ಲಿ ಇಳಿದು ನಡೆದೆವು. ಅತ್ತೆ ಅಂಗಳದಲ್ಲಿ ಬಟ್ಟೆ ಹಿಂಡಿ ತಂತಿಗೆ ಹಾಕುತ್ತಿದ್ದಳು. ತಲೆ ಅರ್ಧ ನೆರೆತಿತ್ತು. ನಮ್ಮನ್ನು ನೋಡಿದವಳು ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಾಗೇ ಹಿಡಿದು ನಿಂತಳು. ನೀರು ಕಾಲ ಮೇಲೆ ಸುರಿಯುತ್ತಿತ್ತು. ದೊಡ್ಡಪ್ಪ ಅಂಗಳದಾಚೆಯೇ ನಿಂತರು, ಒಳಗೆ ಬರಲಿಲ್ಲ. ಮನೆಯಲ್ಲಿ ಎಲ್ಲರ ಮೇಲೂ ಗದರುವ ಮನುಷ್ಯ, ಅವತ್ತು ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ನಿಂತಿದ್ದರು.

"ಕಂಪ್ಯೂಟರಲ್ಲಿ ನಿನ್ನ ಮನೆ ಹೆಸರು ಬಂತು" ಅಂದರು ಕೊನೆಗೆ. "ಅದಕ್ಕೇ ಬಂದೆ."

ಅತ್ತೆಗೆ ಏನೂ ಅರ್ಥವಾಗಲಿಲ್ಲ. "ಎಂತದ್ರಲ್ಲಿ?"

"ಕಂಪ್ಯೂಟರಲ್ಲಿ. ಶುಭಾಗೆ ಮದುವೆ. ಹೇಳಿಕೆಗೆ ಬಂದಿದೀನಿ. ಯಾರ ಕೈಲೂ ಕಳಿಸ್ಲಿಲ್ಲ, ನಾನೇ ಬಂದಿದೀನಿ."

ಆ ಕೊನೆಯ ಮಾತಿಗೆ ಅತ್ತೆಗೆ ನಗು ಬಂತು. ನಗುತ್ತ ನಗುತ್ತಲೇ ಅತ್ತಳು. "ಒಳಗೆ ಬಾ ಅಣ್ಣಯ್ಯ. ಅಲ್ಲೇ ನಿಂತ್ರೆ ನಾನೆಂತ ಅಲ್ಲಿಗೇ ಕಾಫಿ ತರ್ಲಾ?" ಅಂದಳು. ನಾನು ಕುಂಕುಮ ಕೊಟ್ಟೆ. ಅರ್ಧ ಕುಂಕುಮ ಅವಳ ಸೆರಗಿಗೆ ಬಿತ್ತು.

ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಕಂಪ್ಯೂಟರ್ ಅಂತೆ! ಅಣ್ಣಯ್ಯಂಗೆ ಸುಳ್ಳು ಹೇಳೋಕೂ ನೆಟ್ಟಗೆ ಬರಲ್ಲ. ತಾನೇ ಬರೆದು ಕಂಪ್ಯೂಟರ್ ಮೇಲೆ ಹಾಕ್ತಾನೆ."

ನಾನು "ಹೂಂ ಅತ್ತೆ" ಅಂದೆ. ಇನ್ನೇನು ಅನ್ನಲಿ?

ಮದುವೆಗೆ ಅತ್ತೆ ಮೂರು ದಿನ ಮೊದಲೇ ಬಂದಳು. ಸೋದರತ್ತೆಯ ಆರತಿಗೆ ಬೇರೆ ಯಾರನ್ನು ನಿಲ್ಲಿಸುವುದು ಅಂತ ದೊಡ್ಡಮ್ಮ ತಲೆಕೆಡಿಸಿಕೊಂಡಿದ್ದಳು, ಅದೂ ಪರಿಹಾರವಾಯಿತು. ಮದುವೆಯ ಬೆಳಿಗ್ಗೆ ಅತ್ತೆ ನನ್ನನ್ನು ಹಿಡಿದು ಕೂರಿಸಿ ಜಡೆ ಹಾಕಿದಳು. ಇಪ್ಪತ್ತೆರಡು ವರ್ಷದ ಕಂಪ್ಯೂಟರ್ ಮಿಸ್ಸಿನ ಕಣ್ಣು ಮೇಲಕ್ಕೆ ಹೋಯಿತು. ಮದುವೆ ಫೋಟೋಗಳಲ್ಲಿ ಈಗಲೂ ನಾನೊಬ್ಬಳೇ ಬೆರಗುಗಣ್ಣಿನವಳು. ಆ ಆಲ್ಬಮ್ ತೆಗೆದಾಗಲೆಲ್ಲ ನನಗೆ ಆ ಎಣ್ಣೆಯ ವಾಸನೆ ಬರುತ್ತದೆ.

ಮುಂದೊಂದು ದಿನ ಸೆಂಟರಿಗೆ ಹೊಸ ಪುಸ್ತಕ ಬಂತು, ಮಸಿ ಇಲ್ಲದ್ದು. 'ಫೈಂಡ್' ಓದಿದೆ. ಮಕ್ಕಳಿಗೆ ಸರಿಯಾದದ್ದನ್ನೇ ಕಲಿಸಿದೆ. ಕೀ ಇದೆಯಾ ಅಂತ ನೋಡಬೇಕಾದರೆ ಫೈಂಡ್ ಹಾಕಿ, ಬ್ರಾಕೆಟ್ ಹಾಕಬೇಡಿ, ಮ್ಯಾಪ್ ಕೆಡುತ್ತದೆ ಅಂತ. ಆ ಸೆಂಟರೂ ಹೋಯಿತು, ಫ್ಲಾಪಿಯೂ ಹೋಯಿತು. ನಾನು ಮದುವೆಯಾಗಿ ಎನ್.ಆರ್.ಪುರಕ್ಕೆ ಬಂದು ಉಪ್ಪಿನಕಾಯಿಯ ಬಗ್ಗೆ ಬರೆಯತೊಡಗಿದೆ.

ಈಗ ಯೋಚಿಸಿದರೆ ನಾವೆಲ್ಲರೂ ಫೈಂಡ್ ಹಾಕುವುದರಲ್ಲಿ ಪಳಗಿದ್ದೇವೆ ಅನ್ನಿಸುತ್ತದೆ. ಹಳೇ ಗೆಳತಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತೇವೆ. ಇದ್ದಾಳೆ. ಡಿಪಿ ನೋಡುತ್ತೇವೆ, ದಪ್ಪ ಆಗಿದ್ದಾಳೆ. ಸರಿ, ಮುಚ್ಚಿ ಇಡುತ್ತೇವೆ. ನೋಡಿದ್ದು ಅವಳಿಗೂ ಗೊತ್ತಾಗುವುದಿಲ್ಲ, ನಮ್ಮಲ್ಲೂ ಏನೂ ಬದಲಾಗುವುದಿಲ್ಲ. ಎಷ್ಟು ಅಚ್ಚುಕಟ್ಟು ಅಲ್ಲವೇ? ನಾಲ್ಕು ತಿಂಗಳಿಂದ ಮಾತುಬಿಟ್ಟ ನನ್ನ ನಾದಿನಿಯ 'ಲಾಸ್ಟ್ ಸೀನ್' ಅನ್ನು ನಾನು ದಿನಕ್ಕೆ ಎರಡು ಸಲ ನೋಡುತ್ತೇನೆ. (ಅವಳು ಇದನ್ನು ಓದಿದರೆ ಓದಲಿ.)

ಇಷ್ಟನ್ನೂ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಅಸೈನ್‌ಮೆಂಟ್ ಹಾಗೇ ಉಳಿದಿತ್ತು, ನನ್ನ ಹುರುಳೀಕಾಯಿಯೂ.

"ಸಾವಿತ್ರಜ್ಜಿಗೆ ನಿಜ ಹೇಳಿದೀಯಾ?" ಅಂತ ಕೇಳಿದಳು.

ಇಲ್ಲ. ಇಪ್ಪತ್ತು ವರ್ಷದಿಂದ ಹೇಳಿಲ್ಲ. ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು. "ಅಣ್ಣಯ್ಯ ತಾನೇ ತನ್ನ ಕೈಯಾರೆ ನನ್ನ ಮನೆ ಹೆಸರು ಬರೆದ" ಅಂತ ಅತ್ತೆ ನಂಬಿಕೊಂಡಿದ್ದಾಳೆ. ಅದನ್ನು ಕಿತ್ತುಕೊಳ್ಳುವುದು ಯಾಕೆ?

"ಆದ್ರೆ ಬಗ್ ಮಾಡಿದೋರು ಒಪ್ಕೋಬೇಕಮ್ಮ" ಅಂದಳು ಮಗಳು. ಎಂಜಿನಿಯರಿಂಗ್ ಕಲಿಸುತ್ತಾರೋ ಇಲ್ಲವೋ, ಬಾಯಿ ಚೆನ್ನಾಗಿ ಕಲಿಸಿದ್ದಾರೆ. ಅವಳೇ ನಂಬರ್ ಹಚ್ಚಿ ಫೋನ್ ನನ್ನ ಕೈಗೆ ಕೊಟ್ಟಳು.

ಅತ್ತೆಗೆ ಎಂಬತ್ತರ ಹತ್ತಿರ. ಕಿವಿ ಚುರುಕಾಗಿದೆ. ನಾನು ತಡವರಿಸುತ್ತ ಎಲ್ಲ ಹೇಳಿದೆ. ಮಸಿ ಪುಟ, ಬ್ರಾಕೆಟ್, ಎಬಿಸಿಡಿ, ಬಸ್ ಸ್ಟ್ಯಾಂಡ್. ದೊಡ್ಡಪ್ಪ ಅವತ್ತು ಸುಳ್ಳು ಹೇಳಿರಲಿಲ್ಲ, ನಿಜಕ್ಕೂ ಕಂಪ್ಯೂಟರಲ್ಲೇ ಬಂದದ್ದು. ಪೆನ್ಸಿಲ್ ಹಿಡಿದೂ ಅಳಿಸಲಿಲ್ಲ, ಅಷ್ಟು ಮಾತ್ರ ಅವರು ಮಾಡಿದ್ದು ಅಂದೆ.

ಫೋನ್ ಕಟ್ಟಾಯಿತೇನೋ ಅಂತ ಎರಡು ಸಲ ಹಲೋ ಅಂದೆ.

"ಇದೀನಿ ಮಾರಾಯ್ತಿ. ಹಂಗಾದ್ರೆ ನೀನು ಎಂತ ಮಾಡಿದ್ದು ಅವತ್ತು?"

"ಏನೂ ಮಾಡಿಲ್ಲ ಅತ್ತೆ. ನಿನ್ನ ಮನೆ ಹೆಸರು ಇದೆಯಾ ಅಂತ ಕೇಳಿದೆ."

"ಅಷ್ಟೇಯಾ?"

"ಅಷ್ಟೇ."

ಅತ್ತೆ ಅಂದಳು.

"ಅಷ್ಟು ಕೇಳೋಕೆ ನಿಮಗೆಲ್ಲಾ ಹದಿನಾಲ್ಕು ವರ್ಷ ಬೇಕಾಯ್ತನೇ?"